ಡಬ್ಬಿ ಮನೆ ನೋಡಲು ಬಂದವರು

ಮದುವೆಯಾಗಿ ನಾನು ಸಂಸಾರ ಹೂಡಿದ ಮನೆಯ ಮುಂದೆ ಒಂದು ಬೋರ್ಡು ಇತ್ತು: ‘ಮಾದರಿ ಮನೆ. ಒಳಗೆ ಬಂದು ನೋಡಿ.’ ಹೀಗೆ ಬರೆದು ನಿಲ್ಲಿಸಿದ ಮೇಲೆ ಜನ ಬಿಡುತ್ತಾರೆಯೇ? ನಾನು ತಲೆ ಬಾಚಿಕೊಳ್ಳುತ್ತಿದ್ದರೂ ಬರುತ್ತಿದ್ದರು, ಅನ್ನ ಬಸಿಯುತ್ತಿದ್ದರೂ ಬರುತ್ತಿದ್ದರು. ಬಂದವರು ಬೆರಳಿನ ಗೆಣ್ಣಿನಿಂದ ಗೋಡೆಗೆ ಟಕಟಕ ಬಡಿದು, ‘ಗಟ್ಟಿ ಐತಿ ಬಿಡ್ರಿ’ ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ಹೊರಟುಬಿಡುತ್ತಿದ್ದರು. ಮೊದಮೊದಲು ಚಹಾ ಮಾಡುತ್ತಿದ್ದೆ. ಅವರು ಗೋಡೆ ನೋಡುವಷ್ಟರಲ್ಲಿ ಅದು ಆರಿ, ಕೆನೆಗಟ್ಟಿ, ಕೊನೆಗೆ ನಾನೇ ಕುಡಿಯಬೇಕಾಗುತ್ತಿತ್ತು. ಆಮೇಲೆ ಚಹಾ ಮಾಡುವುದನ್ನೇ ಬಿಟ್ಟೆ.

ರಾಣೆಬೆನ್ನೂರಿನ ಹೊರಗೆ, ಹೈವೇ ಪಕ್ಕದಲ್ಲಿ, ಸಿಮೆಂಟಿನ ಎರಕ ಹೊಯ್ಯುವ ಒಂದು ಸಣ್ಣ ಕಾರ್ಖಾನೆ. ನಮ್ಮ ಮನೆಯವರು ಅಲ್ಲಿ ಸುಪರ್‌ವೈಸರ್. ಎಂಬತ್ತರ ದಶಕದಲ್ಲಿ ಶುರುವಾದಾಗ ಅಲ್ಲಿ ಬಾಗಿಲ ಚೌಕಟ್ಟು, ಬಾವಿಯ ರಿಂಗು ಮಾಡುತ್ತಿದ್ದರಂತೆ. ಆಮೇಲೆ ರೆಡಿಮೇಡ್ ಕಾಂಪೌಂಡ್ ಬಂತು. ಸಂದು ಬಿಟ್ಟ ಕಂಬಗಳನ್ನು ನೆಟ್ಟು, ಆ ಸಂದಿನಲ್ಲಿ ಸಿಮೆಂಟ್ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರೆ ಗೋಡೆ ಮುಗಿಯಿತು. ಹಾವೇರಿಯಲ್ಲಿ, ಬ್ಯಾಡಗಿಯಲ್ಲಿ ಸೈಟು ಕೊಂಡವರೆಲ್ಲ ಮನೆಗಿಂತ ಮೊದಲು ಕಾಂಪೌಂಡ್ ಹಾಕಿಸತೊಡಗಿದರು. ಅದರಿಂದ ಮಾಲಕರಿಗೆ ಹುರುಪು ಬಂದು, ಇಡೀ ಮನೆಯನ್ನೇ ಹೀಗೆ ಜೋಡಿಸಿ ಮಾರುತ್ತೇನೆಂದು ಹೊರಟರು. ಎರಡು ಹಲಗೆ, ನಡುವೆ ಥರ್ಮಾಕೋಲ್, ಮೂಲೆಮೂಲೆಗೆ ಬೋಲ್ಟು. ಊರವರು ಅದಕ್ಕೆ ಡಬ್ಬಿ ಮನಿ ಎಂದು ಹೆಸರಿಟ್ಟರು. ಖಾಲಿ ಮನೆ ತೋರಿಸಿದರೆ ಯಾರೂ ನಂಬುವುದಿಲ್ಲ, ಒಳಗೊಂದು ಸಂಸಾರ ಇರಬೇಕು ಎಂದು ಮಾಲಕರು ಲೆಕ್ಕ ಹಾಕಿದರು. ಆ ಸಂಸಾರವೆಂದರೆ ನಾನು.

ನಾನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯವಳು. ಸುಗ್ಗಿ ಬಂತೆಂದರೆ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತು ಕಾಯಿಯ ತೊಟ್ಟು ಬಿಡಿಸುತ್ತ, ಸೀನುತ್ತ, ಊರ ಸುದ್ದಿಯನ್ನೆಲ್ಲ ಜಾಲಾಡುವವರು. ಅಲ್ಲಿ ಒಬ್ಬಳೇ ಕೂತು ಅಳಬೇಕೆಂದರೂ ಜಾಗ ಇರಲಿಲ್ಲ. ಈ ಮನೆಯಲ್ಲಾದರೋ ಒಂದು ಕಡೆ ಎರಕದ ಅಂಗಳ, ಇನ್ನೊಂದು ಕಡೆ ಜೋಳದ ಹೊಲ, ಮುಂದೆ ಲಾರಿಗಳು. ನಮ್ಮ ಮನೆಯವರು ಬೆಳಗಾದರೆ ಹಿಂದಿನ ಅಂಗಳಕ್ಕೆ, ಇಲ್ಲವೆ ಕಾಂಪೌಂಡ್ ಕೂಡಿಸಲು ಕುಮಾರಪಟ್ಟಣದ ಕಡೆಗೆ. ಸಂಜೆ ಬಂದರೆ ಊಟ ಮಾಡಿ ಮಲಗುವವರು. ಕೆಟ್ಟವರಲ್ಲ, ಆದರೆ ಮಾತು ಕಡಿಮೆ. ನನಗೆ ಮಾತು ಬೇಕಾಗಿತ್ತು. ಹಸಿವಾದವರಿಗೆ ಅನ್ನ ಬೇಕಾದಷ್ಟು ಬೇಕಾಗಿತ್ತು.

ಹಳ್ಳಿಯಲ್ಲಿದ್ದ ಅತ್ತೆಗೆ ಇದು ಗೊತ್ತಿತ್ತು. ‘ತಡಿಯವಾ, ಸಣ್ಣಾಂವನ್ನೂ ಅಲ್ಲೇ ಕೆಲಸಕ್ಕ ಹಚ್ಚತೀವಿ. ಅವನ ಲಗ್ನ ಆದ್ರ ನಿನಗೊಬ್ಬಾಕಿ ನೆಗೆಣ್ಣಿ ಬರ್ತಾಳ, ಜತಿ ಆಕ್ಕಾಳ’ ಎಂದಿದ್ದರು. ಮೈದುನನಿಗೆ ಹೊಸರಿತ್ತಿ ಕಡೆಯ ಒಂದು ಹುಡುಗಿಯನ್ನು ಅತ್ತೆ ಹಳ್ಳಿಯಿಂದಲೇ ಹೋಗಿ ನೋಡಿಯೂ ಬಂದರು. ಎಲ್ಲ ಚೊಲೋ, ಮಾತು ಮಾತ್ರ ಸ್ವಲ್ಪ ಹೆಚ್ಚು ಎಂದು ಅತ್ತೆ ಮೂಗು ಮುರಿದರು. ನನಗೆ ಕುಣಿಯುವಂತಾಯಿತು. ಆ ದಿನವೇ ಅಡುಗೆಮನೆಯ ಶೆಲ್ಫಿನಲ್ಲಿ ನನ್ನ ಡಬ್ಬಿಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ, ಅವಳಿಗೆಂದು ಅರ್ಧ ಜಾಗ ಖಾಲಿ ಮಾಡಿಟ್ಟೆ. ಹೆಣ್ಣಿನವರು ಸುಗ್ಗಿ ಮುಗಿಸಿ ಮುಂದಿನ ಮಾತಿಗೆ ಬರುತ್ತಾರೆ ಎಂದು ಅತ್ತೆ ಹೇಳಿದ್ದರು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಇಬ್ಬರು ಗಂಡಸರು, ಒಬ್ಬ ಹಿರಿಯ ಹೆಂಗಸು ಬಾಗಿಲಲ್ಲಿ ನಿಂತರು. ‘ಮನಿ ನೋಡಾಕ ಬಂದೇವ್ರಿ,’ ಎಂದರು.

‘ಬರ್ರಿ, ಕುಂದ್ರಿ,’ ಎಂದು ನಾನು ಮಾಲಕರು ಹೇಳಿಕೊಟ್ಟ ಗಿಳಿಪಾಠ ಒಪ್ಪಿಸತೊಡಗಿದೆ. ಬಿರುಕು ಬಿಡೂದಿಲ್ಲ, ಗೆದ್ದಲ ಹತ್ತೂದಿಲ್ಲ.

‘ಮಂದಿ ಹೆಚ್ಚಾದ್ರ ಸಾಕಾಗತೈತೇನ್ರಿ?’ ಎಂದು ಒಬ್ಬರು ಕೇಳಿದರು.

‘ಇನ್ನೊಂದು ಖೋಲಿ ಕೂಡಸಬಹುದ್ರಿ. ಬ್ಯಾಡ ಅನಸಿದ್ರ ಇಡೀ ಮನಿನ ಬಿಚ್ಚಿ ಬ್ಯಾರೆ ಕಡೆ ಒಯ್ಯಬಹುದು.’

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಬ್ಬರು ಮೆಲ್ಲಗೆ, ‘ಹುಡುಗ ಹೆಂಗ್ರಿ, ಕೆಲಸಕ್ಕ?’ ಎಂದರು.

ಹಿಂದಿನ ಅಂಗಳದಲ್ಲಿ ಎರಕ ಹೊಯ್ಯುವ ಹುಡುಗರ ಬಗ್ಗೆ ಕೇಳುತ್ತಿದ್ದಾರೆಂದು ತಿಳಿದು, ‘ಹುಡುಗೂರದೇನು ಹೇಳ್ತೀರಿ, ಇವತ್ತು ಇದ್ದಾಂವ ನಾಳೆ ಇರೂದಿಲ್ಲ,’ ಎಂದುಬಿಟ್ಟೆ.

ಹೆಂಗಸು ಮಾತ್ರ ಗೋಡೆ ಬಡಿಯಲಿಲ್ಲ. ಅದರ ಮೇಲೆ ಅಂಗೈ ಆಡಿಸಿ, ‘ದಿನಾ ಇಲ್ಲೆ ಒಬ್ಬಾಕೇನ ಇರ್ತೀಯೇನವಾ?’ ಎಂದು ಕೇಳಿತು.

‘ಹೂಂರಿ. ಬಾಗಲಾ ಹಾಕಿದ್ರ ಹೊರಗಿನ ಸಪ್ಪಳ ಒಳಗ ಬರೂದಿಲ್ಲ. ಒಳಗಿಂದು ಹೊರಗ ಹೋಗೂದಿಲ್ಲ.’

ಅವರು ಇನ್ನಷ್ಟು ಹೊತ್ತು ಸುಮ್ಮನೆ ಕೂತರು. ಬಿಸಿಲಿಗೆ ದಣಿದಿರಬೇಕು ಎಂದುಕೊಂಡು ನೀರು ಕೊಟ್ಟೆ. ಹೆಂಗಸು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ನನ್ನ ಮುಖ ನೋಡಿ, ‘ಬರ್ತೀವವಾ’ ಎಂದು ಇಳಿದು ಹೋಯಿತು.

ಲೋಟ ಎತ್ತಲು ಹೋದಾಗ ಬೆಂಚಿನ ಮೇಲೆ ಒಂದು ಡಜನ್ ಬಾಳೆಹಣ್ಣು ಕಾಣಿಸಿತು.

ಗೋಡೆ ನೋಡಲು ಬಂದವರು ಬಾಳೆಹಣ್ಣು ತರುವುದಿಲ್ಲ. ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆತನ ಹೇಗಿದೆ ಎಂದು ನೋಡಲು ಬರುವುದಕ್ಕೂ ‘ಮನಿ ನೋಡೂದು’ ಅಂತಲೇ ಅನ್ನುತ್ತಾರೆ. ಇದ್ದದ್ದು ಇದ್ದ ಹಾಗೆ ಕಾಣಲಿ ಎಂದು ಒಮ್ಮೊಮ್ಮೆ ಹೇಳದೆಯೂ ಬರುತ್ತಾರೆ. ಅವರು ಸುಮ್ಮನೆ ಕೂತದ್ದು ಚಹಾಕ್ಕೆ. ಆ ತಾಯಿ ಹೊಸ್ತಿಲಲ್ಲಿ ನಿಂತದ್ದು ಕುಂಕುಮಕ್ಕೆ. ಬರಿಗಾಲಲ್ಲೇ ಹೈವೇವರೆಗೆ ಓಡಿದೆ. ಹಾವೇರಿ ಬಸ್ಸು ಹೊರಟುಹೋಗಿತ್ತು. ವಾಪಸು ಬಂದು ಬೋರ್ಡಿಗೆ ಒಂದು ಒದೆ ಕೊಟ್ಟೆ. ಕಾಲಿಗೆ ಪೆಟ್ಟಾಯಿತೇ ಹೊರತು ಬೋರ್ಡು ಅಲ್ಲಾಡಲಿಲ್ಲ.

ಮೈದುನನನ್ನು ಕಳಿಸಿ ಆದ ತಪ್ಪನ್ನು ತಿಳಿಸಿ ಹೇಳಿಸಿದೆವು. ಅವರು ಒಳ್ಳೆಯ ಜನ, ಹೊಟ್ಟೆ ತುಂಬ ನಕ್ಕರಂತೆ. ಹುಡುಗನ ಮಾತು, ಬಿಚ್ಚಿ ಒಯ್ಯುವ ಮಾತು, ಚಹಾ, ಕುಂಕುಮ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡರು. ಆದರೂ ಅಂದು ಗೋಡೆ ಸವರಿದ ಹೆಂಗಸು, ಹುಡುಗಿಯ ತಾಯಿ, ಒಪ್ಪಲಿಲ್ಲ.

ಆ ಸುದ್ದಿ ಬಂದ ಸಂಜೆ ನಮ್ಮ ಮನೆಯವರು ಒಲೆಯ ಮುಂದೆ ಬಂದು ಕೂತರು. ನಾನು ರೊಟ್ಟಿ ಬಡಿಯುತ್ತಿದ್ದೆ.

‘ಆಕಿ ತಾಯಿ ಅಂದ್ರಂತ, ನಮ್ಮ ಹುಡುಗಿ ಮಾತಿನ ಮಲ್ಲಿ. ಆ ಮನ್ಯಾಗ ಅತ್ತರೂ ಹೊರಗ ಕೇಳೂದಿಲ್ಲಂತ, ಅಲ್ಲಿ ಕೊಡೂದಿಲ್ಲ ಅಂತ,’ ಎಂದರು. ಆಮೇಲೆ ಏನೋ ಹೊಳೆದಂತೆ, ‘ಅಲ್ಲಾ, ಈ ಸಪ್ಪಳದ ಮಾತು ಮಾಲಕರು ಯಾವಾಗ ಹೇಳಿಕೊಟ್ರು? ನಾ ಗಿರಾಕಿಗೆ ಹೇಳೂದ್ರಾಗ ಅದು ಇಲ್ಲಲ್ಲ,’ ಎಂದರು.

‘ಅವರು ಹೇಳಿಲ್ರಿ.’

‘ಮತ್ತ ನಿನಗ ಹೆಂಗ ಗೊತ್ತಾತು?’

ರೊಟ್ಟಿ ತಿರುವಿ ಹಾಕಿದೆ. ಶೆಲ್ಫಿನ ಖಾಲಿ ಅರ್ಧ ಎದುರಿಗೇ ಇತ್ತು.

‘ಬಾಗಲಾ ಹಾಕ್ಕೊಂಡು ನಾ ಅತ್ತಾಗ ನೀವು ಅಲ್ಲೇ ಹೊರಗ ನಿಂತಿದ್ರಿ,’ ಎಂದೆ.