ಅಥೆನ್ಸಿನ ಹೇರಳೆಕಾಯಿ

ಹೋದ ವಾರ ಇಲ್ಲಿ ಅಮೆರಿಕದಲ್ಲಿ, ನಮ್ಮ ಶ್ಯಾಂಟಿಲಿಯ ಕೊರಿಯನ್ ಅಂಗಡಿಯಲ್ಲಿ ಸೊಪ್ಪು ಆರಿಸುತ್ತಿದ್ದಾಗ, ಪಕ್ಕದ ಬುಟ್ಟಿಯಲ್ಲಿ ಒರಟು ಸಿಪ್ಪೆಯ ಕಿತ್ತಳೆಯಂಥ ಹಣ್ಣು ಕಂಡಿತು. ಒಂದನ್ನು ಎತ್ತಿಕೊಂಡು ಉಗುರಿನಿಂದ ಮೆಲ್ಲಗೆ ಕೆರೆದೆ. ಹೇರಳೆಕಾಯಿಯದೇ ವಾಸನೆ. ಮೂಗಿನ ತುದಿಗೆ ಚುರ್ ಎನ್ನುವ ಅದೇ ಕಹಿ ಘಾಟು. ಮೈಸೂರಿನಲ್ಲಿ ನಮ್ಮಮ್ಮ ಇದರ ಗೊಜ್ಜು ಮಾಡಿದ ದಿನ ನಾವೆಲ್ಲ ಎರಡು ತುತ್ತು ಹೆಚ್ಚೇ ಉಣ್ಣುತ್ತಿದ್ದೆವು. ನ್ಯಾಯವಾಗಿ ನನಗೆ ಅಮ್ಮನ ನೆನಪಾಗಬೇಕಿತ್ತು. ಆದದ್ದು ಪಕ್ಕದ ಮನೆಯ ಹುಡುಗಿಯದು. ಕಾರಿಗೆ ಬಂದು ಚೀಲವನ್ನು ಸೀಟಿನ ಮೇಲಿಟ್ಟು, ಕೀಲಿ ತಿರುಗಿಸುವ ಮೊದಲು ಹಣ್ಣನ್ನು ಮತ್ತೊಮ್ಮೆ ಮೂಸಿದೆ...

ಹುಡುಗಿ ಎಂದರೆ ಮೂವತ್ತೈದು ದಾಟಿದವಳು, ಒಂದು ಮಗುವಿನ ತಾಯಿ. ನನಗಿಂತ ಬಹಳ ಚಿಕ್ಕವಳಾದ್ದರಿಂದ ನಾನು ಹಾಗೇ ಕರೆಯುತ್ತಿದ್ದೆ. ಬೆಂಗಳೂರಿನವಳು, ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರಿನವರು. ನಮ್ಮಿಬ್ಬರ ಟೌನ್‌ಹೌಸುಗಳ ನಡುವೆ ಇದ್ದದ್ದು ಒಂದೇ ಗೋಡೆ. ನಾನು ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಅವಳಿಗೆ ಸೀನು, ಅವಳು ಮಿಕ್ಸಿ ಹಾಕಿದರೆ ನಮ್ಮ ಕ್ಯಾಲೆಂಡರು ಅಲುಗುತ್ತಿತ್ತು.

ಕೋವಿಡ್ ಇನ್ನೂ ಪೂರ್ತಿ ಹೋಗಿರಲಿಲ್ಲ, ಅವಳಿಗೆ ಕ್ಯಾನ್ಸರ್ ಎಂದು ತಿಳಿಯಿತು. ಆಸ್ಪತ್ರೆಗೆ ಹೋಗುವ ದಿನ ಮಗುವನ್ನು ನನ್ನ ಬಳಿ ಬಿಡುತ್ತಿದ್ದಳು. ಸುತ್ತಲಿನ ನಾವು ಕನ್ನಡದ ಹೆಂಗಸರು ಸರದಿ ಹಾಕಿಕೊಂಡೆವು. ಇವತ್ತು ಒಬ್ಬರದು ಸಾರು, ನಾಳೆ ಇನ್ನೊಬ್ಬರದು ಪಲ್ಯ. ಡಬ್ಬಿಯನ್ನು ಬಾಗಿಲ ಮುಂದಿಟ್ಟು, ಮಾಸ್ಕ್ ಹಾಕಿಕೊಂಡು ದೂರ ನಿಲ್ಲುವುದು. ಮಗು ಡಬ್ಬಿ ಎತ್ತಿಕೊಳ್ಳಲು ಓಡಿ ಬರುತ್ತಿತ್ತು. ಅದನ್ನು ನೋಡಿದ ಕೂಡಲೇ ಬಂದವರ ಕಣ್ಣು ತುಂಬುತ್ತಿತ್ತು. ಮಾಸ್ಕಿನಿಂದ ಬಾಯಿ ಮುಚ್ಚಬಹುದು, ಕಣ್ಣನ್ನಲ್ಲ. ಕಿಟಕಿಯ ಬಳಿ ಕುಳಿತ ಅವಳು ಎಲ್ಲವನ್ನೂ ನೋಡುತ್ತಿದ್ದಳು. ನಮಗದು ತಿಳಿದಿರಲಿಲ್ಲ.

ಒಂದು ವರ್ಷದ ಮೇಲೆ, ಮರಗಳಲ್ಲಿ ಚಿಗುರು ಕಾಣುವ ಹೊತ್ತಿಗೆ, ಮೊದಲಿನ ಔಷಧಿ ಕೆಲಸ ಮಾಡುತ್ತಿಲ್ಲ ಎಂದರು ಡಾಕ್ಟರು. ಹೊಸದನ್ನು ಶುರು ಮಾಡುವ ಮುಂಚೆ ಕೆಲವು ವಾರ ಬಿಡುವು. ಎಲ್ಲರೂ ಒಂದೇ ಬಾಯಲ್ಲಿ, ಊರಿಗೆ ಹೋಗಿ ಬಾ ಎಂದರು. ಅವಳು ಒಂದು ಬೆಳಿಗ್ಗೆ ನನ್ನ ಅಡುಗೆಮನೆಗೆ ಬಂದು, ನಾನು ಹರಡಿಕೊಂಡಿದ್ದ ಕೊತ್ತಂಬರಿಯನ್ನು ಬಿಡಿಸುತ್ತ ಹೇಳಿದಳು.

“ಆಂಟಿ, ನಾವು ಅಥೆನ್ಸ್‌ಗೆ ಹೋಗ್ತಿದೀವಿ. ನಾನು, ಪುಟ್ಟಿ. ಇಬ್ರೇ.”

“ಅಥೆನ್ಸಾ? ಅಲ್ಲಿ ಯಾರಿದಾರೆ ನಿಮ್ಮೋರು?”

“ಯಾರೂ ಇಲ್ಲ. ಅದಕ್ಕೇ.”

ಕೊತ್ತಂಬರಿಯ ಕಡ್ಡಿಗಳನ್ನು ಒಂದು ಕಡೆ ನೀಟಾಗಿ ಜೋಡಿಸಿದಳು. “ಬೆಂಗಳೂರಿಗೆ ಹೋದ್ರೆ ಇವಳೇನು ನೋಡ್ತಾಳೆ ಹೇಳಿ? ಅತ್ತೆ, ಚಿಕ್ಕಮ್ಮ, ಎದುರುಮನೆಯೋರು, ಒಬ್ಬೊಬ್ರೂ ಇವಳನ್ನ ತಬ್ಕೊಂಡು ಅಳ್ತಾರೆ. ಈಗ್ಲೇ ಇವಳಿಗೆ ಅಮ್ಮ ಅಂದ್ರೆ ಆಸ್ಪತ್ರೆ, ಟೋಪಿ, ವಾಂತಿ. ನನ್ನ ಕಾಯಿಲೆ ಗೊತ್ತಿಲ್ದೇ ಇರೋ ಊರಲ್ಲಿ ನಾಲ್ಕು ದಿನ ಬರೀ ಅಮ್ಮ ಆಗಿರ್ಬೇಕು ಆಂಟಿ. ಅದೊಂದು ಅವಳ ತಲೇಲಿ ಉಳಿದ್ರೆ ಸಾಕು.”

ಮಗುವಿಗೆ ಆಗ ಐದು ವರ್ಷ.

“ನಿನ್ನ ಗಂಡ?”

“ಅವ್ರು ಬಂದ್ರೆ ಗಂಟೆಗೊಂದ್ಸಲ ಜ್ವರ ನೋಡ್ತಾರೆ. ಪಾಪ, ಅವ್ರೂ ನಾಲ್ಕು ದಿನ ನಿದ್ದೆ ಮಾಡ್ಲಿ.”

ನನಗೆ ತಡೆಯಲಾಗಲಿಲ್ಲ. ಜ್ವರ ಬಂದರೆ? ತಲೆ ಸುತ್ತಿ ಬಿದ್ದರೆ? ಆ ಭಾಷೆ ಬಾರದ ಊರಲ್ಲಿ ಮಗು ಯಾರನ್ನು ಕೂಗಬೇಕು? ಅವಳು ನಕ್ಕುಬಿಟ್ಟಳು. “ಇಮಿಗ್ರೇಷನ್‌ನೋರೂ ಇಷ್ಟು ಪ್ರಶ್ನೆ ಕೇಳಲ್ಲ, ಆಂಟಿ.” ಕೊನೆಗೆ ನಾನೇ ಒಂದು ಷರತ್ತು ಹಾಕಿದೆ. ದಿನವೂ ವಿಡಿಯೋ ಕಾಲ್ ಮಾಡಬೇಕು, ತಪ್ಪಿಸುವ ಹಾಗಿಲ್ಲ. “ಆಯ್ತು ಬಾಸ್” ಎಂದು ಸಲ್ಯೂಟ್ ಹೊಡೆದಳು. ನಾನು ಕಟ್ಟಿಕೊಟ್ಟ ಅವಲಕ್ಕಿ, ಹುರಿದ ರವೆ ಎಲ್ಲವನ್ನೂ ವಾಪಸ್ಸು ಇಟ್ಟು ಚಟ್ನಿಪುಡಿಯನ್ನು ಮಾತ್ರ ತೆಗೆದುಕೊಂಡಳು. ಡಬ್ಬಿ ಊಟ ಜೊತೆಗಿದ್ದರೆ ಆಸ್ಪತ್ರೆಗೆ ಹೊರಟ ಹಾಗೇ ಅನಿಸುತ್ತದಂತೆ.

ನಮ್ಮ ಜನ ಎಲ್ಲಿಗೆ ಹೋದರೂ ಮನೆಯವರನ್ನು ಫೋನಿನಲ್ಲಿ ಜೊತೆಗೆ ಕರೆದುಕೊಂಡೇ ಹೋಗುವವರು. ನಯಾಗರದ ಮುಂದೆ ನಿಂತು ಅಜ್ಜಿಗೆ ನೀರು ತೋರಿಸುವುದು, ಅಜ್ಜಿ ಅಲ್ಲಿಂದಲೇ ಸ್ವೆಟರ್ ಹಾಕ್ಕೋ ಎನ್ನುವುದು. ಹಾಗೆ ನಾನೂ ಅಥೆನ್ಸ್ ನೋಡಿದೆ. ನನಗಿಲ್ಲಿ ಬೆಳಗಿನ ಕಾಫಿಯ ಹೊತ್ತು, ಅಲ್ಲಿ ಮಧ್ಯಾಹ್ನದ ಬಿಸಿಲು. ಮಗುವಿಗೆ ನನ್ನ ಮುಖ ಕಾಣಲೆಂದು ಅವಳು ಫೋನನ್ನು ಮಗುವಿನ ಕಡೆಗೆ ತಿರುಗಿಸಿ ಹಿಡಿಯುತ್ತಿದ್ದಳು. ನನ್ನ ಪರದೆಯ ತುಂಬ ಮಗುವಿನ ಮುಖ, ಅದರ ಹಿಂದೆ ಕಿರಿದಾದ ಬೀದಿ, ಮೆಟ್ಟಿಲು, ಮೆಟ್ಟಿಲಿಗೊಂದು ಬೆಕ್ಕು. ಅವಳ ದನಿ ಮಾತ್ರ ಚಿತ್ರದ ಹೊರಗಿನಿಂದ ಬರುತ್ತಿತ್ತು.

“ಆಂಟಿ, ಇಲ್ಲಿ ರಸ್ತೆ ಉದ್ದಕ್ಕೂ ಹೇರಳೆಕಾಯಿ ಮರ! ಬಿದ್ದು ಕೊಳೀತಿದೆ, ಒಬ್ರೂ ಎತ್ಕೊಳ್ಳಲ್ಲ. ನೋಡಿದ್ರೆ ಹೊಟ್ಟೆ ಉರಿಯತ್ತೆ.”

“ಎತ್ಕೊಂಡು ಬಾರೇ!”

“ಕಸ್ಟಮ್ಸ್‌ನೋರು ಹಿಡಿದ್ರೆ ನಿಮ್ಮ ಹೆಸರೇ ಹೇಳ್ತೀನಿ.”

ಅಂತೂ ತಾಯಿ ಮಗಳು ಬೀದಿಯಲ್ಲಿ ಹಣ್ಣು ಆರಿಸಿಕೊಂಡು, ಅಲ್ಲೇ ಒಂದು ಕಟ್ಟೆಯ ಮೇಲೆ ಕುಳಿತು, ಚಟ್ನಿಪುಡಿ ಉದುರಿಸಿಕೊಂಡು ತಿಂದರು. ಮಗು ಒಂದು ತೊಳೆ ಚೀಪಿ ಮುಖವನ್ನೆಲ್ಲ ಹಿಂಡಿಕೊಂಡು, “ಯಕ್, ಆಂಟಿ!” ಎಂದು ನನ್ನನ್ನೇ ಗದರಿತು. ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಗುವವರ ನಗು. ಗೋಡೆಯಾಚೆಯಿಂದ ನಾನು ಆ ನಗು ಕೇಳಿ ವರ್ಷದ ಮೇಲಾಗಿತ್ತು...

ಮರುದಿನ ಬೆಟ್ಟದ ಮೇಲಿನ ಹಳೆಯ ಗುಡಿಗೆ ಹೋದರು. ಗುಡಿ ಎಂದು ಅಮ್ಮ ಹೇಳಿದ್ದೇ ತಡ, ಮಗು ಕೆಳಗೆ ಕುಳಿತು ಶೂ ಬಿಚ್ಚತೊಡಗಿತು. ಸುತ್ತ ನಾನಾ ದೇಶದ ಜನ ನೋಡುತ್ತಿದ್ದರು. “ಹಾಕ್ಕೋ ಪುಟ್ಟಿ, ಕಲ್ಲು ಚುಚ್ಚತ್ತೆ” ಎಂದು ನಾನು ಇಲ್ಲಿಂದ ಕೂಗಿದೆ. ಕಂಬಗಳ ಮುಂದೆ ನಿಂತು ಮಗು, “ದೇವರೆಲ್ಲಿ?” ಎಂದಿತು. “ಆಚೆ ಹೋಗಿದಾರೆ ಕಂದಾ, ಬರ್ತಾರೆ” ಎಂದಿತು ಹೊರಗಿನ ದನಿ.

ಇಳಿಯುವಾಗ ಮತ್ತೆ ಕಾಲ್ ಬಂತು. ಎತ್ತಿದ ಕೂಡಲೇ ಪರದೆಯ ಮೇಲೆ ಬರೀ ಆಕಾಶ. ಫೋನನ್ನು ಮೆಟ್ಟಿಲ ಮೇಲೆ ಇಟ್ಟಂತಿತ್ತು. ಏದುಸಿರು ಕೇಳಿಸಿತು.

“ಏನಾಯ್ತೇ?”

“ಏನಿಲ್ಲ... ಕೂತ್ಕೊಂಡೆ. ಸ್ವಲ್ಪ ಹೊತ್ತು ಪುಟ್ಟಿ ಹತ್ರ ಮಾತಾಡ್ತಿರಿ ಆಂಟಿ. ಅವಳು ನನ್ನ ಕಡೆ ತಿರುಗ್ದೇ ಇರೋ ಹಾಗೆ ನೋಡ್ಕೊಳ್ಳಿ.”

ಫೋನು ಮಗುವಿನ ಕೈಗೆ ಬಂತು. ನಾನು ಕಾಫಿ ಲೋಟ ಕೆಳಗಿಟ್ಟು, ಶೂ ಹಾಕಿಕೊಳ್ಳದ ಬೆಕ್ಕೊಂದು ಗುಡಿಗೆ ಹೋದ ಕಥೆಯನ್ನು ಅಲ್ಲೇ ಹೊಸೆಯತೊಡಗಿದೆ. ಮಿಯಾವ್ ಎಂದೆ, ಕಣ್ಣು ಅರಳಿಸಿದೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದೆ. ಮಗುವಿನ ಕಣ್ಣು ನನ್ನ ಮುಖದಿಂದ ಕದಲಲಿಲ್ಲ. ಕಥೆ ಮುಗಿಯಿತು, ಬೆಕ್ಕಿಗೊಬ್ಬ ತಮ್ಮನನ್ನು ಹುಟ್ಟಿಸಿ ಮತ್ತೆ ಶುರು ಮಾಡಿದೆ. ಆಮೇಲೆ ಎಲ್ಲಿಂದಲೋ, “ಸಾಕು ಆಂಟಿ, ನಿಮ್ಮ ಬೆಕ್ಕಿಗೆ ಸುಸ್ತಾಗಿರತ್ತೆ” ಎಂಬ ದನಿ ಬಂದಾಗ ನಾನು ಉಸಿರು ಬಿಟ್ಟೆ.

ಬಿಸಿಲಿಗೆ ಕಪ್ಪಾಗಿ, ಖುಷಿಯಾಗಿ ಬಂದಳು. ಫೋನಿನ ತುಂಬ ಮಗುವಿನ ಫೋಟೋ. ಅವಳದು ಒಂದೂ ಇಲ್ಲ. ಕೇಳಿದರೆ, “ಈ ಟೋಪಿ ಮುಖ ಯಾಕೆ ಆಂಟಿ, ಕೂದ್ಲಿರೋ ಫೋಟೋ ಬೇಕಾದಷ್ಟಿದೆ” ಎಂದಳು. ಹೊಸ ಔಷಧಿಯೂ ನಡೆಯಲಿಲ್ಲ. ಬೇಸಗೆ ಮುಗಿಯುವಾಗ ಹಾಸಿಗೆಯನ್ನು ಕೆಳಗಿನ ಹಾಲಿಗೆ ತಂದರು. ನಾನು ಅವಳ ಕೈಗೆ ಎಣ್ಣೆ ಸವರುತ್ತ ಕುಳಿತಿದ್ದಾಗ ಕೇಳಿದಳು.

“ಐದು ವರ್ಷದವರಾಗಿದ್ದಾಗಿನದು ನಿಮಗೇನು ನೆನಪಿದೆ, ಆಂಟಿ?”

“ನಮ್ಮಮ್ಮ ಎತ್ತಿಕೊಂಡು ಬಾವಿಯೊಳಗೆ ಬಗ್ಗಿ ತೋರಿಸಿದ್ದು. ಅವಳ ಬಳೆ ಸದ್ದೂ ನೆನಪಿದೆ.”

“ಹಾಗಾದ್ರೆ ಸರಿ” ಎಂದು ಕಣ್ಣು ಮುಚ್ಚಿಕೊಂಡಳು. ನಮ್ಮ ಬೀದಿಯ ಮೇಪಲ್ ಮರಗಳ ಎಲೆ ಕೆಂಪಾಗುವ ಮೊದಲೇ ಹೋದಳು.

ಅಪ್ಪ ಮಗಳು ಇಲ್ಲಿರಲಾರದೆ ನಾರ್ತ್ ಕೆರೊಲಿನಾಕ್ಕೆ ಹೋದರು. ಅವನಿಗೆ ಅಲ್ಲಿನ ರಿಸರ್ಚ್ ಟ್ರಯಾಂಗಲ್‌ನ ಕಂಪನಿಯೊಂದರಲ್ಲಿ ಕೆಲಸ. ಗೋಡೆಯಾಚೆ ಬೇರೆ ಯಾರೋ ಇದ್ದಾರೆ, ಸದ್ದೇ ಇಲ್ಲದ ಜನ. ರಜೆಯಲ್ಲಿ ಅವನು ಮಗುವನ್ನು ನಮ್ಮಲ್ಲಿಗೆ ಕರೆದುಕೊಂಡು ಬರುತ್ತಾನೆ. ಮಗು ಎಂದರೆ ಈಗ ನಾಲ್ಕನೇ ಕ್ಲಾಸು, ಕುಳಿತರೆ ಕಾಲು ನೆಲಕ್ಕೆ ಎಟುಕುತ್ತದೆ. ಮೊನ್ನೆ ಶನಿವಾರವೂ ಬಂದಿದ್ದರು. ಲೈಬ್ರರಿಗೆ ಹೋಗೋಣ ಎಂದು ಅವಳನ್ನು ಕಾರಿನಲ್ಲಿ ಹಿಂದೆ ಕೂರಿಸಿಕೊಂಡು ಹೊರಟೆ.

“ಆಂಟಿ, ಡು ಯು ರಿಮೆಂಬರ್ ಗ್ರೀಸ್?” ಎಂದಳು. “ನಾವಿಬ್ರೂ ಹೋಗಿದ್ವಲ್ಲ. ಸ್ಟೆಪ್ಸ್ ಮೇಲೆ ನೀವು ನಂಗೆ ಸ್ಟೋರಿ ಹೇಳಿದ್ರಿ.”



“ನಾನಲ್ಲ ಪುಟ್ಟಿ. ನೀನು ಹೋಗಿದ್ದು ಅಮ್ಮನ ಜೊತೆ.”

“ಅಪ್ಪಾನೂ ಹಂಗೇ ಹೇಳ್ತಾರೆ. ಬಟ್ ಐ ರಿಮೆಂಬರ್ ಯುವರ್ ಫೇಸ್.”

“ನಾನು ಫೋನಲ್ಲಿದ್ದೆ ಕಂದಾ. ಫೋನ್ ಹಿಡ್ಕೊಂಡು ನಿನ್ನೆದುರಿಗೆ ನಿಂತಿದ್ದೋಳು ಅಮ್ಮ.”

ಕೆಂಪು ದೀಪ ಬಂತು, ನಿಲ್ಲಿಸಿದೆ. ಅವಳು ಸೀಟಿನಿಂದ ಮುಂದೆ ಬಾಗಿ, “ಅಮ್ಮ ಏನ್ ಹಾಕ್ಕೊಂಡಿದ್ಲು?” ಎಂದಳು.

ಹುಡುಕಿದೆ. ನಾಲ್ಕೂ ದಿನವನ್ನು ಮನಸ್ಸಿನಲ್ಲಿ ತಿರುವಿ ಹಾಕಿದೆ. ಅವಳ ಬಟ್ಟೆಯ ಅಂಚೂ ನನಗೆ ಸಿಗಲಿಲ್ಲ.

“ಗೊತ್ತಿಲ್ಲ ಪುಟ್ಟಿ. ಅವಳು ನಂಗೆ ಕಾಣ್ತಿರ್ಲಿಲ್ಲ. ಅವಳು ನೋಡ್ತಿದ್ದಿದ್ದು ಮಾತ್ರ ಕಾಣ್ತಿತ್ತು.”

“ವಾಟ್ ವಾಸ್ ಶಿ ಲುಕಿಂಗ್ ಅಟ್?”

“ನಿನ್ನನ್ನ.”

“ದ ಹೋಲ್ ಟೈಮ್?”

“ಹೂಂ. ಇಡೀ ಹೊತ್ತು.”

ಕನ್ನಡಿಯಲ್ಲಿ ನೋಡಿದೆ. ಅವಳು ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದಳು, ಹಣೆಯಲ್ಲಿ ಗೆರೆ ಬೀಳುವಷ್ಟು ಬಿಗಿಯಾಗಿ. ಆಮೇಲೆ ಕಣ್ಣು ತೆರೆಯದೆಯೇ ಹೇಳಿದಳು.

“ಐ ಕಾಂಟ್ ಸೀ ಹರ್, ಆಂಟಿ.”

ಹಿಂದಿನ ಕಾರಿನವನು ಹಾರ್ನ್ ಮಾಡಿದ. ದೀಪ ಯಾವಾಗಲೋ ಹಸಿರಾಗಿತ್ತು.