ಹೊಲಿಯದೆ ಒಯ್ದ ದಿಂಬು

ಟೈಲರಮ್ಮ ಈಗ ಹೊಲಿಯುವುದಿಲ್ಲ, ಕಣ್ಣು ಕೈಕೊಟ್ಟಿದೆ. ಆದರೂ ಹರಿದ ಬಟ್ಟೆ ತೊಟ್ಟವರು ಎದುರಿಗೆ ಬಂದರೆ ಕೈ ತುರಿಸುತ್ತದೆ. ಒಂದು ಕಾಲಕ್ಕೆ ಅವಳ ರಫೂ ಅಂದರೆ ರಫೂ! ತೂತು ಎಲ್ಲಿತ್ತೆಂದು ಬಟ್ಟೆಯ ಒಡೆಯನೇ ಹುಡುಕಬೇಕಿತ್ತು. ಹೊಲಿಗೆಗೆಂದೇ ಇದ್ದ ಮನೆಯ ಮುಂದಿನ ಕೋಣೆ ನೆನೆದರೆ ಈಗಲೂ ಅವಳಿಗೆ ಮಷಿನ್ನಿನ ಎಣ್ಣೆಯ ವಾಸನೆ ಬರುತ್ತದೆ. ಮೇಜಿನಡಿ ಮಗಳು ಚಿಂದಿ ಆಯುತ್ತ ಕೂತಿರುತ್ತಿದ್ದಳು. ಎಂಥ ಚೂಟಿ ಹುಡುಗಿ! ನಾಲ್ಕು ಚಿಂದಿ ಸಿಕ್ಕರೆ ಗೊಂಬೆಗಳ ಸಂಸಾರವನ್ನೇ ಹೂಡುತ್ತಿದ್ದಳು.

ತಮ್ಮ ಹುಟ್ಟಿದ ಮೇಲೆ ಆ ಆಟ ನಿಂತಿತು. ಮೊದಮೊದಲು ಅವನನ್ನು ಚಿವುಟುತ್ತಿದ್ದಳು. ಹೊಟ್ಟೆಕಿಚ್ಚು, ಇದ್ದದ್ದೇ ಎಂದರು ಎಲ್ಲರೂ. ಒಂದು ಮಧ್ಯಾಹ್ನ ತೊಟ್ಟಿಲ ಪಕ್ಕ ಕತ್ತರಿ ಹಿಡಿದು ನಿಂತು, "ಇವನನ್ನ ಕತ್ತರಿಸಿಬಿಡ್ತೀನಿ" ಎಂದಳು. ಕೂಗಲಿಲ್ಲ, ಅಳಲಿಲ್ಲ, ನೀರು ಕೊಡು ಅನ್ನುವಷ್ಟೇ ಸಲೀಸಾಗಿ ಹೇಳಿದಳು. ತಾಯಿ ಕೂಸನ್ನು ಎತ್ತಿಕೊಂಡು ಬೀದಿಗೆ ಓಡಿದಳು. ತಿರುಗಿ ಬಂದರೆ ಕೂಸಿನ ಇನ್ನೊಂದು ಅಂಗಿ ಖಾಲಿ ತೊಟ್ಟಿಲಲ್ಲಿ ಬಿದ್ದಿತ್ತು, ಅದರ ಎದೆ ಸೀಳಿತ್ತು.

ಡಾಕ್ಟರಿಗೆ ತೋರಿಸಲೇಬೇಕಿತ್ತು. ಆದರೆ ಹೊರಡುವ ಮೊದಲು ಟೈಲರಮ್ಮ ಮಾಡಿದ್ದೇನು ಗೊತ್ತೇ? ಹರಿದದ್ದನ್ನು ಹಾಗೇ ನಾಲ್ಕು ಜನರ ಮುಂದೆ ಹಿಡಿಯುವುದುಂಟೇ ಎಂದು ಅಂಗಿಗೆ ರಫೂ ಹಾಕಿದಳು! ಮಗಳಿಗೆ ಹೊಸ ಫ್ರಾಕು ತೊಡಿಸಿ, ತಲೆ ಬಾಚಿ, ಕೇಳಿದ್ದಕ್ಕೆ ಜಾಣೆಯ ಹಾಗೆ ಉತ್ತರ ಕೊಡಬೇಕೆಂದು ಹೇಳಿಕೊಟ್ಟಳು. ಜಾಣೆ ಹಾಗೇ ಮಾಡಿದಳು. ಡಾಕ್ಟರು ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ, ಹರಿದದ್ದೆಲ್ಲಿ ಎಂದರು. ಟಾನಿಕ್ ಬರೆದುಕೊಟ್ಟರು, ಅದೂ ತಾಯಿಗೆ! ಇನ್ನೊಬ್ಬ ಡಾಕ್ಟರು, ಎರಡೇಟು ಬಿಗಿಯಿರಿ, ದಾರಿಗೆ ಬರುತ್ತಾಳೆ ಎಂದರು. ತಾಯಿ ಅವರಿಗೆ ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕತ್ತರಿಗಳೆಲ್ಲ ಬೀಗದೊಳಗೆ ಸೇರಿದವು; ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಅವಳು ಮಷಿನ್ನು ತುಳಿದಳು.

ಆದರೂ ಒಂದು ದಿನ ಅಡುಗೆಮನೆಯ ಚಾಕು ಮಗಳ ಕೈಗೆ ಸಿಕ್ಕಿತು. ಮತ್ತೆ ಅದೇ ಮಾತು, ಮತ್ತೆ ತಾಯಿಯ ಓಟ. ಈ ಸಲ ಸೀಳಿದ್ದು ಕೂಸಿನ ದಿಂಬು. ಅಭ್ಯಾಸಬಲದಿಂದ ಸೂಜಿಗೆ ನೂಲು ಪೋಣಿಸಿದವಳ ಕೈ ಅಲ್ಲೇ ತಡೆಯಿತು. ಅಯ್ಯೋ, ಎಲ್ಲವನ್ನೂ ನಾನೇ ಮುಚ್ಚುತ್ತ ಬಂದೆನಲ್ಲ ಎಂದುಕೊಂಡು ಸೂಜಿ ಕೆಳಗಿಟ್ಟಳು.

ಹೇಗಿತ್ತೋ ಹಾಗೇ ದಿಂಬು ಕಂಕುಳಲ್ಲಿ, ಕೂಸು ಸೊಂಟದ ಮೇಲೆ, ತಲೆ ಬಾಚದ ಮಗಳು ಪಕ್ಕದಲ್ಲಿ. ದೊಡ್ಡಾಸ್ಪತ್ರೆಯ ಉದ್ದಕ್ಕೂ ಹತ್ತಿ ಉದುರಿತು. ಆಯಾ ಬೈದಳು. ಒಳಗೆ ಕೂತಿದ್ದ ಡಾಕ್ಟರಮ್ಮ ಸೀಳಿದ ದಿಂಬು ನೋಡಿ ಪೆನ್ನು ಕೆಳಗಿಟ್ಟರು. ತಾಯಿ ಏನೋ ಹೇಳಹೊರಟಳು. ಡಾಕ್ಟರಮ್ಮ ಕೈಸನ್ನೆಯಲ್ಲೇ ತಡೆದು, ಹೀಗೇಕೆ ಮಾಡುತ್ತೀಯೆಂದು ಮಗಳನ್ನೇ ಕೇಳಿದರು.

ಹುಡುಗಿ ನೆಲ ನೋಡುತ್ತಲೇ ಹೇಳಿದಳು: "ಕತ್ತರಿಸು ಕತ್ತರಿಸು ಅಂತ ತಲೆಯೊಳಗೆ ಬರುತ್ತೆ. ತಡೆಯೋಕಾಗಲ್ಲ. ಅದಕ್ಕೇ ಅಮ್ಮಂಗೆ ಮೊದಲೇ ಹೇಳಿಬಿಡ್ತೀನಿ. ಹೇಳಿದ್ರೆ ಅಮ್ಮ ಪಾಪೂನ ಎತ್ಕೊಂಡು ಓಡ್ತಾಳೆ."

ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಹುಡುಗಿಯ ಪಕ್ಕ ಬಂದು ಕೂತರು. "ಇವಳನ್ನ ಇವತ್ತು ಮನೆಗೆ ಕಳಿಸಲ್ಲಮ್ಮ. ನೀವೂ ಇವಳ ಜೊತೆ ಇಲ್ಲೇ ಇರಿ" ಎಂದರು.

ಟೈಲರಮ್ಮ ಕೂಸನ್ನು ನರ್ಸಿನ ಕೈಗೆ ಕೊಟ್ಟು, ಮಗಳನ್ನು ಎತ್ತಿಕೊಂಡಳು. ಎತ್ತಿಕೊಳ್ಳುವ ವಯಸ್ಸೇನಲ್ಲ ಅದು. ಹುಡುಗಿಯ ಕಾಲು ತಾಯಿಯ ಮೊಣಕಾಲಿನ ಕೆಳಗೆ ಜೋತಾಡುತ್ತಿತ್ತು.