ಮಾವ ನಾಲ್ಕು ಸಲ ನಿಲ್ಲಿಸಿದ ಸಿನಿಮಾ

ಅಂಗಡಿಯಲ್ಲಿ ಅವನನ್ನು ಎಲ್ಲರೂ ಇಂಜಿನಿಯರ್ ಎಂದೇ ಕರೆಯುತ್ತಿದ್ದರು. ಇಂಜಿನಿಯರಿಂಗ್ ಕಾಲೇಜಿನ ಗೇಟು ದಾಟಿ ಅವನು ಒಳಗೆ ಹೋದದ್ದು ಒಂದೇ ಸಲ, ಅದೂ ಅಲ್ಲಿಯ ಪ್ರಿಂಟರ್ ರಿಪೇರಿಗೆ. ಆದರೆ ಬಿಚ್ಚಿಟ್ಟ ಕಂಪ್ಯೂಟರಿನ ಮುಂದೆ ಸ್ಕ್ರೂಡ್ರೈವರ್ ಹಿಡಿದು "ಹೂಂ" ಎಂದು ಒಂದು ನಿಮಿಷ ಸುಮ್ಮನೆ ನಿಂತರೆ ಸಾಕು, ಗಿರಾಕಿಗಳು ತಾವಾಗಿಯೇ ಆ ಪದವಿ ಕೊಟ್ಟುಬಿಡುತ್ತಾರೆ. ಬೇಡ ಎನ್ನುವಷ್ಟು ದೊಡ್ಡ ಮನಸ್ಸು ಅವನಿಗಿರಲಿಲ್ಲ.

ಮನೆಯಲ್ಲಿ ಅವನ ಪದವಿ ಬೇರೆ. ಅಲ್ಲಿ ಅವನು ಮನೆ ಅಳಿಯ. ಬಾಡಿಗೆ ಮನೆ ಸಿಗುವವರೆಗೆ ಅಂತ ಒಂದು ಸೂಟ್‌ಕೇಸ್ ಹಿಡಿದು ಮಾವನ ಮನೆಗೆ ಬಂದವನು, ಮೂರು ವರ್ಷದಿಂದ ಮನೆ ಹುಡುಕುತ್ತಲೇ ಇದ್ದ. ಹುಡುಕುವುದು ಎಂದರೆ ಭಾನುವಾರದ ಪೇಪರಿನಲ್ಲಿ 'ಬಾಡಿಗೆಗಿದೆ' ಕಾಲಂ ಓದಿ, "ಇವೆಲ್ಲ ನಮಗೆ ದೂರ" ಎಂದು ಮಡಚಿಡುವುದು.

ಮಾವ ಒಂದು ದಿನವೂ ಕೇಳಿದವರಲ್ಲ. ಅವರು ಮೂವತ್ನಾಲ್ಕು ವರ್ಷ ಸಿನಿಮಾ ಥಿಯೇಟರಿನ ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರ್ ಓಡಿಸಿದ ಆಪರೇಟರು. ಕತ್ತಲೆಯಲ್ಲಿ ಒಬ್ಬರೇ ಕೂತು ಕೂತು ಮಾತು ಕಡಿಮೆಯಾಗಿತ್ತು. ಆಡಿದರೂ ಅಳಿಯನಿಗೆ ಬಹುವಚನ. "ಅಳಿಯಂದ್ರೇ, ಕಾಫಿ ಆರ್ತಾ ಇದೆ," "ಅಳಿಯಂದ್ರೇ, ನಿಮ್ಮ ಟವೆಲ್ಲು ಗಾಳಿಗೆ ಹಾರಿ ಪಕ್ಕದವರ ಮನೇಲಿದೆ." ಅಳಿಯ ತಪ್ಪು ಮಾಡಬಹುದು ಎಂಬ ಯೋಚನೆಯನ್ನೇ ಅವರು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಆ ಸೌಕರ್ಯವನ್ನು ಅವನು ಚೆನ್ನಾಗಿಯೇ ಬಳಸಿಕೊಂಡಿದ್ದ.

ಥಿಯೇಟರ್ ಮುಚ್ಚಿದ ಮೇಲೆ ಅದೇ ಹಾಲನ್ನು ಊರಿನ ಚಿತ್ರಸಂಘ ತೆಗೆದುಕೊಂಡು, ಭಾನುವಾರ ಬೆಳಿಗ್ಗೆ ಸದಸ್ಯರಿಗೆ ಒಳ್ಳೊಳ್ಳೆ ಚಿತ್ರ ತೋರಿಸುತ್ತಿತ್ತು. ರೀಲು ಹೋಗಿ ಕಂಪ್ಯೂಟರ್ ಬಂತು. ಮಾವ ಮಾತ್ರ ಅದೇ ಕ್ಯಾಬಿನ್ನು, ಅದೇ ಸ್ಟೂಲು, ಅದೇ ಚೌಕ ಕಿಂಡಿ. ಕಂಪ್ಯೂಟರನ್ನು ಜೋಡಿಸಿಕೊಟ್ಟವನು ಅಳಿಯನೇ. ಹಾಗೇ ಜೋಡಿಸಿದ ಅದೇ ಬಗೆಯ ಇನ್ನೊಂದು ಕಂಪ್ಯೂಟರು ಮನೆಯಲ್ಲಿತ್ತು. ಅದರಲ್ಲಿ ಹೆಂಡತಿ ಹೊಲಿಗೆಯ ವಿಡಿಯೋ ನೋಡಿ ಬ್ಲೌಸಿನ ಕತ್ತು ಕತ್ತರಿಸುವುದು ಕಲಿಯುತ್ತಿದ್ದಳು.

ಮನೆಯದರಲ್ಲಿ ಹದಿನಾರು ಜಿಬಿಯ ಒಂದೇ ದೊಡ್ಡ ರ್‍ಯಾಮ್ ಕಡ್ಡಿ ಇತ್ತು. ಯಾವುದೋ ಆಫೀಸಿನ ಹಳೇ ಸರಕು. ಸಂಘದ್ದರಲ್ಲಿ ನಾಲ್ಕು ನಾಲ್ಕರ ಎರಡು ಹೊಸ ಕಡ್ಡಿ. ಒಂದು ದಿನ ಅವನಿಗೆ ಔದಾರ್ಯ ಉಕ್ಕಿ ಬಂತು. ಮೂರು ವರ್ಷದ ಊಟದ ಋಣ, ದೊಡ್ಡದನ್ನು ಮಾವನಿಗೇ ಕೊಡೋಣ ಎಂದು ಎರಡನ್ನೂ ಅದಲು ಬದಲು ಮಾಡಿದ.

"ಮಾವ, ಎಂಟಿದ್ದದ್ದು ಹದಿನಾರಾಯ್ತು. ಇನ್ನು ನಿಮ್ಮ ಕಂಪ್ಯೂಟರು ಆನೆ," ಎಂದ.

"ಆನೆ ಓಡುತ್ತಾ ಅಳಿಯಂದ್ರೇ?" ಎಂದರು ಮಾವ. ಅವರು ಕೇಳಿದ್ದು ನಿಜವಾದ ಪ್ರಶ್ನೆ. ಅವನು ಜೋಕು ಎಂದುಕೊಂಡು ನಕ್ಕ.

ಮುಂದಿನ ಭಾನುವಾರ ಸಾವಿರಾರು ಮೈಲಿ ವಲಸೆ ಹೋಗುವ ಹಕ್ಕಿಗಳ ಚಿತ್ರ. ಕೊಕ್ಕಿನ ಮೇಲಿನ ಧೂಳೂ ಕಾಣುವಷ್ಟು ಸ್ಪಷ್ಟವಾದ ಹೊಸ ಫೈಲು. ಹತ್ತು ನಿಮಿಷಕ್ಕೇ ಪರದೆ ಕಪ್ಪಾಯಿತು. ಮಾವನೇ ನಿಲ್ಲಿಸಿದ್ದರು; ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿದರು. ಕಾಲು ಗಂಟೆಗೆ ಮತ್ತೆ ಕಪ್ಪು. ಹೀಗೆ ನಾಲ್ಕು ಸಲ. ನಾಲ್ಕನೆಯ ಸಲ ಹಾಲಿನಿಂದ ಯಾರೋ, "ಹಕ್ಕಿಗಳು ಬಸ್ಸಲ್ಲಿ ಹೋಗಿದ್ರೆ ಇಷ್ಟೊತ್ತಿಗೆ ತಲುಪಿರೋವು," ಎಂದರು.

ರೀಲಿನ ಕಾಲದಲ್ಲಿ ಚಿತ್ರ ನಿಂತು ನಿಂತು ಎಡವಿತು ಎಂದರೆ ಫಿಲ್ಮು ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಒಂದೆರಡು ಸೆಕೆಂಡು ತಡಮಾಡಿದರೂ ದೀಪದ ಕಾವಿಗೆ ಅದು ಸುಟ್ಟು ತೂತು. ಹಾಗಾಗಿ ಎಡವಿದ್ದು ಕಣ್ಣಿಗೆ ಬೀಳುವುದೂ ಕೈ ಸ್ವಿಚ್ಚಿಗೆ ಹೋಗುವುದೂ ಮಾವನಿಗೆ ಒಂದೇ ಕೆಲಸ. ತೊಂದರೆ ಏನೆಂದರೆ, ಅವತ್ತು ಎಡವಿದ್ದು ಹಾಲಿನಲ್ಲಿ ಇನ್ಯಾರಿಗೂ ಕಂಡಿರಲಿಲ್ಲ. ಅರ್ಧ ಜನ ಮೊಬೈಲು ನೋಡುತ್ತಿದ್ದರು, ಇನ್ನರ್ಧ ಕಣ್ಣು ಮುಚ್ಚಿ ಆನಂದಿಸುತ್ತಿದ್ದರು.

ಸಂಘದ ಕಾರ್ಯದರ್ಶಿಗಳು ನಿವೃತ್ತ ಹೆಡ್‌ಮಾಸ್ಟರು. ಮನುಷ್ಯ ಎದುರಿಗೇ ನಿಂತಿದ್ದರೂ 'ಹಾಜರಿದ್ದೇನೆ' ಎಂದು ಬರೆದುಕೊಟ್ಟರೇ ನಂಬುವವರು. ಮಾವನನ್ನೂ ಅಳಿಯನನ್ನೂ ಒಟ್ಟಿಗೆ ಕರೆಸಿದರು.

"ಯಾಕ್ರೀ ನಿಲ್ಲಿಸಿದ್ರಿ?"

"ಹಕ್ಕಿ ಎಡವ್ತಾ ಇತ್ತು ಸಾರ್."

"ಹಾರೋ ಹಕ್ಕಿ ಯಾವುದಕ್ರೀ ಎಡವುತ್ತೆ?" ಕಾರ್ಯದರ್ಶಿಗಳು ಅಳಿಯನ ಕಡೆ ತಿರುಗಿದರು. "ಇಂಜಿನಿಯರೇ, ಮೆಶೀನಲ್ಲಿ ಏನಾದ್ರೂ ದೋಷ ಇದೆಯಾ? ನೋಡಿ ಬರಹದಲ್ಲಿ ಕೊಡಿ."

ಅವನು ಕ್ಯಾಬಿನ್ನಿಗೆ ಹೋಗಿ ನೋಡಿದ. ಚಿತ್ರ ಓಡುವಾಗಲೂ ಹದಿನಾರರಲ್ಲಿ ಕಾಲು ಭಾಗವೂ ಖರ್ಚಾಗಿರಲಿಲ್ಲ. ಇಷ್ಟು ಖಾಲಿ ಇಟ್ಟುಕೊಂಡು ಯಾವ ಕಂಪ್ಯೂಟರಾದರೂ ಯಾಕೆ ಎಡವುತ್ತದೆ? "ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ" ಎಂದು ಬರೆದು, ಅಂಗಡಿಯ ಸೀಲು ಒತ್ತಿ ಕೊಟ್ಟ. ಸೀಲು ಸದಾ ಜೇಬಿನಲ್ಲಿರುತ್ತಿತ್ತು. ಪದವಿ ಇಲ್ಲದವನಿಗೆ ಸೀಲೇ ಆಸರೆ.

ಆ ಕಾಗದದ ಅರ್ಥ ಅವನಿಗೆ ಹೊಳೆದದ್ದು ಕಾರ್ಯದರ್ಶಿಗಳು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದಾಗ. "ಹಾಗಾದ್ರೆ ದೋಷ ಕಣ್ಣಲ್ಲಿದೆ. ತಪ್ಪು ತಿಳೀಬೇಡಿ ಆಪರೇಟ್ರೇ, ವಯಸ್ಸು ಯಾರನ್ನೂ ಬಿಡಲ್ಲ. ಬರೋ ಭಾನುವಾರ ಒಂಬತ್ತಕ್ಕೆ ಸಮಿತಿ ಸೇರುತ್ತೆ. ಬೇರೆಯವರನ್ನ ನೋಡೋಣ ಅಂತ."

ಮಾವ ಅಳಿಯನ ಸಹಿಯನ್ನು ಒಮ್ಮೆ ನೋಡಿದರು. "ಅಳಿಯಂದ್ರು ನೋಡಿದಾರೆ ಅಂದ್ಮೇಲೆ ಸರಿಯಾಗೇ ಇರುತ್ತೆ ಸಾರ್," ಎಂದರು.

ಬೈದಿದ್ದರೆ ಆ ರಾತ್ರಿ ಅವನಿಗೆ ನಿದ್ದೆಯಾದರೂ ಬರುತ್ತಿತ್ತು.

ಮಾವ ಹೇಳಿಸಿಕೊಳ್ಳದೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ದೂರದ್ದೆಲ್ಲ ಸರಿಯಾಗಿದೆ, ಹತ್ತಿರದ್ದಕ್ಕೆ ಕನ್ನಡಕ ಬೇಕು ಎಂದರಂತೆ. ಅದು ಅವರನ್ನು ಇನ್ನಷ್ಟು ಕುಗ್ಗಿಸಿತು. ಕಣ್ಣು ಸರಿ, ಮೆಶೀನು ಸರಿ ಎಂದರೆ ಉಳಿಯುವುದು ತಲೆ ಒಂದೇ ತಾನೆ? ವಾರವಿಡೀ ಜಗಲಿಯಲ್ಲಿ ಕೂತು ರಸ್ತೆ ನೋಡಿದರು. ಮೊಪೆಡ್ ಹೋದರೆ, "ಮಗಳೇ, ಈಗ ಹೋದದ್ದು ಒಂದೇ ಸಮನೆ ಹೋಯ್ತಾ? ಮಧ್ಯೆ ನಿಂತು ನಿಂತು ಹೋಯ್ತಾ?" ಎಂದು ಕೇಳುತ್ತಿದ್ದರು. ಕ್ಯಾಬಿನ್ನಿನ ಬೀಗದ ಕೈಯನ್ನು ಒರೆಸಿ, ಹಿಂದಿರುಗಿಸಲೆಂದು ಒಂದು ಕವರಿನೊಳಗೆ ಹಾಕಿಟ್ಟರು.

ಶನಿವಾರ ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಹೆಂಡತಿ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ರೀ, ಇದಕ್ಕೆ ಏನು ಮಾಡಿದ್ರಿ? ಹತ್ತು ದಿನದಿಂದ ವಿಡಿಯೋ ಬೆಣ್ಣೆ ಹಾಗೆ ಓಡ್ತಿದೆ. ಮುಂಚೆ ಕತ್ತರಿ ಮೇಲಿರೋದು ಕಾಣೋದು, ಆಮೇಲೆ ಕೆಳಗಿರೋದು ಕಾಣೋದು, ಬಟ್ಟೆ ಕತ್ತರಿಸಿದ್ದು ಯಾವಾಗ ಅಂತಲೇ ಗೊತ್ತಾಗ್ತಿರಲಿಲ್ಲ. ಅದಕ್ಕೇ ಎರಡು ಬ್ಲೌಸ್ ಕೆಟ್ಟಿದ್ದು."

"ಏನೂ ಮಾಡಿಲ್ಲ. ರ್‍ಯಾಮು ಅರ್ಧ ಮಾಡಿದೆ ಅಷ್ಟೇ," ಎಂದವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

ಕೈ ತೊಳೆದವನೇ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಕಡ್ಡಿಗಳ ಚೀಟಿ ಓದಿದ. ಆಮೇಲೆ ಕವರಿನಿಂದ ಬೀಗದ ಕೈ ತೆಗೆದುಕೊಂಡು ಸಂಘಕ್ಕೆ ಓಡಿ ಅಲ್ಲಿಯದನ್ನು ಓದಿದ. ಮನೆಯ ಎರಡರ ಮೇಲೂ ವೇಗ ಮೂರು ಸಾವಿರದ ಇನ್ನೂರು. ಸಂಘದ ಆನೆಯ ಮೇಲೆ ಎರಡು ಸಾವಿರದ ನೂರ ಮೂವತ್ಮೂರು. ಎಷ್ಟು ತುಂಬಿಕೊಳ್ಳುತ್ತದೆ ಎಂದು ನೋಡಿದ್ದನೇ ಹೊರತು ಎಷ್ಟು ಬೇಗ ಕೊಡುತ್ತದೆ ಎಂದು ನೋಡಿರಲಿಲ್ಲ. ಹಂಡೆ ದೊಡ್ಡದು, ನಲ್ಲಿ ಸಣ್ಣದು. ಮನೆಯಲ್ಲೋ ಹಂಡೆ ಚಿಕ್ಕವು, ನಲ್ಲಿ ದಪ್ಪ, ಅದೂ ಒಟ್ಟಿಗೇ ಸುರಿಯುವ ಎರಡು.

ಚಿತ್ರಕ್ಕೆಂದೇ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದಿದ್ದರೆ ಇಷ್ಟು ಕಷ್ಟವಿರಲಿಲ್ಲ, ಅದಕ್ಕೆ ಅದರದೇ ಮೆಮೊರಿ ಇರುತ್ತದೆ. ಈ ಕಂಪ್ಯೂಟರುಗಳಲ್ಲಿ ಚಿತ್ರ ಬಿಡಿಸುವ ಭಾಗ ಪ್ರೊಸೆಸರಿನೊಳಗೇ ವಾಸ. ಸ್ವಂತದ್ದು ಏನೂ ಇಲ್ಲ, ಮನೆಯ ರ್‍ಯಾಮಿನಿಂದಲೇ ಬಡಿಸಿಕೊಳ್ಳಬೇಕು. ಬಡಿಸುವುದು ನಿಧಾನವಾದರೆ ಹಕ್ಕಿ ಎಡವುತ್ತದೆ. ಸ್ವಂತ ಒಲೆಯಿಲ್ಲದ ಈ ಜೀವಿಯ ಸ್ಥಿತಿ ಊರಿನ ಎಲ್ಲರಿಗಿಂತ ಮೊದಲು ತನಗೆ ಅರ್ಥವಾಗಬೇಕಿತ್ತಲ್ಲ ಎಂದು ಮನೆ ಅಳಿಯನಿಗೆ ನಾಚಿಕೆಯಾಯಿತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿ, "ಈಗಲೇ ಹೋಗಿ ಸದ್ದಿಲ್ಲದೆ ಬದಲಾಯಿಸಿ ಬಂದುಬಿಡ್ತೀನಿ," ಎಂದ.

"ಬದಲಾಯಿಸಿದ್ರೆ?"

"ಚಿತ್ರ ಸರಿಯಾಗಿ ಓಡುತ್ತೆ."

"ಓಡುತ್ತೆ. ಆಮೇಲೆ ಅಪ್ಪ ಏನು ಹೇಳ್ತಾರೆ? ಇವತ್ತು ಎಡವ್ತಿಲ್ಲ ಅಂತಾರೆ. ಮೆಶೀನು ಮುಂಚಿನಿಂದಲೂ ಸರಿ ಅಂತ ನೀವೇ ಸೀಲು ಒತ್ತಿ ಕೊಟ್ಟಿದೀರಿ. ಅವರಿಗೆ ಹುಚ್ಚು ಅಂತ ಅಲ್ಲಿಗೆ ಪೂರ್ತಿ ಆಯ್ತು." ಅವಳು ತಾನೇ ಬಗ್ಗಿ ಎರಡು ಕಡ್ಡಿ ಕಿತ್ತು ಅವನ ಅಂಗೈಯಲ್ಲಿಟ್ಟಳು. "ಎಲ್ಲರ ಎದುರಿಗೆ ಬದಲಾಯಿಸಿ. ಬಾಯಿ ಬಿಟ್ಟು ಹೇಳಿ. ಇಲ್ಲಾಂದ್ರೆ ನಾಳೆಯಿಂದ ನಿಜವಾಗ್ಲೂ ಮನೆ ಹುಡುಕಿ."

ಭಾನುವಾರ ಒಂಬತ್ತಕ್ಕೆ ಸಮಿತಿಯ ಐದು ಜನ ಮೊದಲ ಸಾಲಿನಲ್ಲಿ ಕೂತಿದ್ದರು. ಮಾವ ಕವರು ಹಿಡಿದು ಪಕ್ಕದಲ್ಲಿ ನಿಂತಿದ್ದರು. ಅಳಿಯ ಕ್ಯಾಬಿನ್ನಿನಿಂದ ಹಕ್ಕಿಯ ಚಿತ್ರ ಹಾಕಿ, ಕಿಂಡಿಯಲ್ಲಿ ತಲೆ ತೂರಿಸಿ, "ಸಾರ್, ಒಂದೇ ಒಂದು ರೆಕ್ಕೆ ನೋಡ್ತಾ ಇರಿ, ಬೇರೇನೂ ನೋಡ್ಬೇಡಿ," ಎಂದ.

ಐವರೂ ಅಪರೂಪಕ್ಕೆ ಪರದೆ ನೋಡಿದರು. ರೆಕ್ಕೆ ಮೇಲಿತ್ತು. ಆಮೇಲೆ ಕೆಳಗಿತ್ತು. ಮಧ್ಯೆ ಎಲ್ಲಿ ಹೋಗಿತ್ತೋ ಅದಕ್ಕೇ ಗೊತ್ತು.

"ಅರೆ, ಹೌದಲ್ರೀ," ಎಂದರು ಕಾರ್ಯದರ್ಶಿಗಳು. "ಎಡವ್ತಿದೆ."

ಅವನು ಪೆಟ್ಟಿಗೆ ಬಿಚ್ಚಿ, ಕಡ್ಡಿ ಬದಲಾಯಿಸಿ, ಅದೇ ಜಾಗದಿಂದ ಮತ್ತೆ ಹಾಕಿದ. ಹಕ್ಕಿ ನೀರಿನ ಮೇಲೆ ಗೆರೆ ಎಳೆದ ಹಾಗೆ ಹೋಯಿತು. ಮಾವ ಪರದೆಯನ್ನೇ ನೋಡುತ್ತಿದ್ದರು. ವಾರದಿಂದ ಬಿಗಿದಿದ್ದ ಅವರ ಭುಜ ಕೆಳಗಿಳಿಯಿತು.

"ಹಾಗಾದ್ರೆ ದೋಷ ಎಲ್ಲಿಂದ ಬಂತು?" ಎಂದು ಕಾರ್ಯದರ್ಶಿಗಳು ಕೇಳಿದರು.

ಮಾವ ಅವಸರದಲ್ಲಿ ಮುಂದೆ ಬಂದರು. "ಯಂತ್ರ ಅಂದ್ಮೇಲೆ ಏನೋ ಒಂದು ಇರುತ್ತೆ ಸಾರ್, ಧೂಳು ಗೀಳು..."

"ಧೂಳಲ್ಲ ಮಾವ, ನಾನು," ಎಂದ ಅವನು. "ದೊಡ್ಡದು ಅಂತ ನಿಧಾನದ್ದು ಹಾಕಿದೆ. ಆಮೇಲೆ ನೋಡದೆ ಬರೆದುಕೊಟ್ಟೆ. ಹಾಲಲ್ಲಿ ಸರಿಯಾಗಿ ನೋಡಿದವರು ನೀವೊಬ್ಬರೇ."

"ಇದನ್ನೂ," ಎಂದರು ಕಾರ್ಯದರ್ಶಿಗಳು, "ಬರಹದಲ್ಲಿ ಕೊಡಿ. ಸೀಲು ಹಾಕಿ."

ಕೊಟ್ಟ. ಸಮಿತಿ ಎರಡು ನಿರ್ಣಯ ಬರೆಯಿತು. ಆಪರೇಟರು ತಮಗೆ ಸಾಕೆನಿಸುವವರೆಗೆ ಮುಂದುವರಿಯತಕ್ಕದ್ದು. ಆಪರೇಟರ ಅನುಮತಿ ಇಲ್ಲದೆ ಕಂಪ್ಯೂಟರನ್ನು ಯಾರೂ, 'ಇಂಜಿನಿಯರ್ ಸಹಿತ', ಮುಟ್ಟತಕ್ಕದ್ದಲ್ಲ. ಎರಡನೆಯದನ್ನು ದಪ್ಪಕ್ಷರದಲ್ಲಿ ಬರೆಸಿ ಕ್ಯಾಬಿನ್ನಿನ ಬಾಗಿಲಿಗೆ ಅಂಟಿಸಿದರು.

ಮುಂದಿನ ತಿಂಗಳು ಕಂಪ್ಯೂಟರಿನ ಫ್ಯಾನು ಕಿರುಗುಟ್ಟಿತೆಂದು ಕಾರ್ಯದರ್ಶಿಗಳೇ ಅವನನ್ನು ಕರೆಸಿದರು. ಚಿತ್ರ ಓಡುತ್ತಿತ್ತು. ಅವನು ಸ್ಕ್ರೂಡ್ರೈವರ್ ಹಿಡಿದು ಕ್ಯಾಬಿನ್ನಿನ ಬಾಗಿಲು ತಟ್ಟಿ, "ಮಾವ, ಒಂದೇ ನಿಮಿಷ, ಒಳಗೆ ಬರಲಾ?" ಎಂದ.

ಮಾವ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ.

"ಇಂಟರ್‌ವೆಲ್ ಆಗ್ಲಿ ಅಳಿಯಂದ್ರೇ," ಎಂದರು. "ಅಲ್ಲೇ ಮೆಟ್ಟಿಲ ಮೇಲೆ ಕೂತಿರಿ."